ಜೊತೆಯೊಬ್ಬರಿದ್ದರೆ ದಾರಿ ಸವೆದೀತು: ಬಿಲ್ ವಿಲ್ಸನ್ ಜೀವನಕಥೆ



ನಮ್ಮ ಸಕಲೇಶಪುರ, ಆಲೂರು ಸೀಮೆಯ ಕಾಫಿ ತೋಟಗಳಲ್ಲಿ ಬಟವಾಡೆಯ ದಿನ ಸಂಜೆ ಎಷ್ಟೋ ಲೈನ್ ಮನೆಗಳ ಹೆಂಗಸರು ಬಾಗಿಲಲ್ಲಿ ನಿಂತು ದಾರಿ ನೋಡುತ್ತಾರೆ. ಏಕೆಂದು ನಿಮಗೆ ಹೇಳಬೇಕಾಗಿಲ್ಲ. ಗಂಡ ಬಂದಾನೋ ಇಲ್ಲವೋ ಎಂಬ ಚಿಂತೆಗಿಂತ, ಯಾವ ಸ್ಥಿತಿಯಲ್ಲಿ ಬಂದಾನೋ ಎಂಬ ಚಿಂತೆಯೇ ಅವರಿಗೆ ದೊಡ್ಡದು. ಇದು ಕೂಲಿಯವರ ಮನೆಯ ಮಾತು ಮಾತ್ರವಲ್ಲ. ಬೆಳೆಗಾರರ ಬಂಗಲೆಗಳಲ್ಲೂ, ಪೇಟೆಯ ಮನೆಗಳಲ್ಲೂ ಇದೇ ಕಥೆ. ಅಲ್ಲಿ ಕದ ಮುಚ್ಚಿರುತ್ತದೆ, ಅಷ್ಟೆ. 2007ರ ಜುಲೈಯಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದಾಗ, ಇನ್ನು ಮನೆಗಳು ಉಳಿದವು ಎಂದುಕೊಂಡವರು ಅನೇಕರು. ಸಾರಾಯಿ ಪ್ಯಾಕೆಟ್ಟು ಹೋಯಿತು, ಕುಡಿತ ಹೋಗಲಿಲ್ಲ.

ತಪಸ್ಸುಕಾಲ ಬಂತೆಂದರೆ ಕುಡಿತ ಬಿಡುವ ಆಣೆಗಳಿಗೆ ಲೆಕ್ಕವಿಲ್ಲ. ನಲವತ್ತು ದಿನ ಹನಿಯನ್ನೂ ಮುಟ್ಟದವರು ಪುನರುತ್ಥಾನದ ಹಬ್ಬದ ಮಧ್ಯಾಹ್ನವೇ ಮೊದಲಿನಂತಾಗುವುದನ್ನು ನೀವೂ ಕಂಡಿದ್ದೀರಿ. ಹಾಗಾದರೆ ಆ ಆಣೆ ಬರೀ ನಾಟಕವೇ? ಅಲ್ಲ. ಆಣೆ ಮಾಡುವ ಗಳಿಗೆಯಲ್ಲಿ ಆ ಮನುಷ್ಯ ಪ್ರಾಮಾಣಿಕನೇ. ಕೊರತೆ ಬೇರೆಲ್ಲೋ ಇದೆ. ಅದು ಎಲ್ಲಿದೆ ಎಂಬುದನ್ನು ತನ್ನ ಬಾಳಿನಲ್ಲೇ ಕಂಡುಕೊಂಡವರು ಅಮೆರಿಕದ ಬಿಲ್ ವಿಲ್ಸನ್. ಕುಡಿತ ಬಿಟ್ಟವರು ಒಬ್ಬರಿಗೊಬ್ಬರು ಆಸರೆಯಾಗುವ ಆಲ್ಕೋಹಾಲಿಕ್ಸ್ ಅನಾನಿಮಸ್, ಅಂದರೆ ನಾವು ಎ.ಎ. ಎಂದು ಕರೆಯುವ ಕೂಟ, ಆರಂಭವಾದದ್ದು ಅವರಿಂದ. ಅವರ ಕಥೆಯನ್ನು ಸ್ವಲ್ಪ ಕೇಳಿ.

ಬೆಟ್ಟದ ಸೀಮೆಯ ಹುಡುಗ

ವಿಲಿಯಂ ಗ್ರಿಫಿತ್ ವಿಲ್ಸನ್ ಹುಟ್ಟಿದ್ದು 1895ರ ನವೆಂಬರ್ 26ರಂದು, ವರ್ಮಾಂಟ್ ರಾಜ್ಯದ ಈಸ್ಟ್ ಡಾರ್ಸೆಟ್ ಎಂಬ ಸಣ್ಣ ಊರಿನಲ್ಲಿ. ಅದೂ ನಮ್ಮ ಊರುಗಳಂತೆ ಹಸಿರು ಬೆಟ್ಟಗಳ ಸೀಮೆಯೇ. ತಂದೆ ಅಮೃತಶಿಲೆಯ ಗಣಿಯಲ್ಲಿ ಕೆಲಸ ಮಾಡಿಸುತ್ತಿದ್ದವರು. ಬಿಲ್‌ಗೆ ಹತ್ತು ವರ್ಷವಾಗುವ ಹೊತ್ತಿಗೆ ತಂದೆತಾಯಿ ಬೇರೆಯಾದರು. ತಂದೆ ದೂರದ ಪಶ್ಚಿಮ ಸೀಮೆಗೆ ಹೋದರು; ತಾಯಿ ವೈದ್ಯವಿದ್ಯೆ ಕಲಿಯಲು ಬಾಸ್ಟನ್ ಸೇರಿದರು. ಹುಡುಗ ಮತ್ತು ಅವನ ತಂಗಿ ತಾಯಿಯ ತವರಿನಲ್ಲಿ ಅಜ್ಜ ಅಜ್ಜಿಯ ಬಳಿ ಉಳಿದರು.

ಒಂದು ದಿನ ಅಜ್ಜ ಮಾತಿಗೆ ಒಂದು ಸಂಗತಿ ಹೇಳಿದರು. ಎಸೆದರೆ ತಿರುಗಿ ಬರುವ ಬೂಮರಾಂಗನ್ನು ಮಾಡಲು ಆಸ್ಟ್ರೇಲಿಯಾದ ಮೂಲನಿವಾಸಿಗಳಿಗಲ್ಲದೆ ಬೇರೆ ಯಾರಿಗೂ ಬಾರದಂತೆ. ಹುಡುಗ ಅಂದಿನಿಂದ ಮರ ಕೆತ್ತುವುದೇ ಕೆಲಸ ಮಾಡಿಕೊಂಡ. ತಿಂಗಳುಗಟ್ಟಲೆ ಕೆತ್ತಿದ, ಸರಿಯಾದ ಮರ ಸಿಗದೆ ತನ್ನ ಮಂಚದ ತಲೆಹಲಗೆಯನ್ನೇ ಕೊಯ್ದ. ಕೊನೆಗೆ ಅದು ಎಸೆದಲ್ಲಿಂದ ತಿರುಗಿ ಬಂತು. ಮನಸ್ಸು ಮಾಡಿದರೆ ನಾನು ಯಾವುದನ್ನಾದರೂ ಗೆಲ್ಲಬಲ್ಲೆ ಎಂಬ ನಂಬಿಕೆ ಅಂದೇ ಬೇರೂರಿತು. ಈ ಮಾತನ್ನು ನೆನಪಿಡಿ, ಏಕೆಂದರೆ ಮುಂದೆ ಅವರನ್ನು ಕೆಡವಿದ್ದೂ ಇದೇ ನಂಬಿಕೆ.

ಹದಿನೇಳರ ಹರೆಯದಲ್ಲಿ ಅವರು ಪ್ರೀತಿಸಿದ ಸಹಪಾಠಿ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡಳು. ಬಿಲ್ ಕುಸಿದುಹೋದರು. ಓದು ನಿಂತಿತು, ಊಟ ರುಚಿಸಲಿಲ್ಲ. ಗೆಲ್ಲಲಾಗದ ಸಂಗತಿಯೂ ಒಂದಿದೆ ಎಂದು ಆ ಹುಡುಗನಿಗೆ ಹೇಳಿಕೊಡುವವರು ಯಾರೂ ಇರಲಿಲ್ಲ.

ಮೊದಲ ಲೋಟ

1917ರಲ್ಲಿ ಬಿಲ್ ಸೈನ್ಯದಲ್ಲಿ ತರುಣ ಅಧಿಕಾರಿ. ಶಿಬಿರದ ಬಳಿಯ ಊರಿನ ಶ್ರೀಮಂತರು ಕರೆದ ಸತ್ಕಾರಕೂಟದಲ್ಲಿ ಅವರು ಮೊದಲ ಬಾರಿ ಮದ್ಯ ಕುಡಿದರು. ಅಲ್ಲಿಯವರೆಗೆ ಹತ್ತು ಜನರ ನಡುವೆ ಕೈಕಾಲು ಎಲ್ಲಿಡಬೇಕೆಂದು ತಿಳಿಯದ ಸಂಕೋಚದ ಮನುಷ್ಯ. ಎರಡು ಲೋಟದ ನಂತರ ಎಲ್ಲರೂ ತನ್ನವರೇ ಅನ್ನಿಸಿತು. ನಮ್ಮ ಮದುವೆ ಮನೆಗಳಲ್ಲಿ, ತೊಟ್ಟಿಲ ಶಾಸ್ತ್ರದ ದಿನಗಳಲ್ಲಿ ಹುಡುಗರ ಕೈಗೆ ಮೊದಲ ಲೋಟ ಕೊಡುವವರು ಇದನ್ನು ಯೋಚಿಸಬೇಕು. ಯಾರಿಗೆ ಅದು ಬರೀ ಒಂದು ಲೋಟ, ಯಾರಿಗೆ ಅದು ಇಪ್ಪತ್ತು ವರ್ಷದ ಸಂಕೋಲೆ ಎಂಬುದು ಮುಖ ನೋಡಿದರೆ ತಿಳಿಯುವುದಿಲ್ಲ.

1918ರ ಜನವರಿ 24ರಂದು ಲೋಯಿಸ್ ಬರ್ನ್‌ಹ್ಯಾಮ್ ಎಂಬ ಸುಸಂಸ್ಕೃತ ತರುಣಿಯೊಡನೆ ಅವರ ಮದುವೆಯಾಯಿತು. ಅದೇ ವರ್ಷ ಅವರು ಯುದ್ಧಕ್ಕೆ ಹೋದರು. ನ್ಯೂಯಾರ್ಕಿನಲ್ಲಿ ಹಗಲು ಕೆಲಸ, ರಾತ್ರಿ ಕಾನೂನು ಓದು. ಓದು ಮುಗಿದರೂ ಪದವಿ ಕೈಗೆ ಬರಲಿಲ್ಲ. 1925ರಲ್ಲಿ ಗಂಡ ಹೆಂಡತಿ ಇಬ್ಬರೂ ಮೋಟಾರ್ ಸೈಕಲ್ ಏರಿ, ಊರೂರು ಸುತ್ತಿ ಕಾರ್ಖಾನೆಗಳ ಸ್ಥಿತಿಗತಿ ತಿಳಿದು ಬಂದರು. ಆ ವರದಿಗಳಿಂದ ಷೇರುಪೇಟೆಯಲ್ಲಿ ಬಿಲ್‌ಗೆ ಹೆಸರು ಬಂತು, ಹಣವೂ ಬಂತು. ಲೋಯಿಸ್ ಆ ಪ್ರವಾಸಕ್ಕೆ ಹೊರಟದ್ದಕ್ಕೆ ಇನ್ನೊಂದು ಕಾರಣವಿತ್ತು: ನ್ಯೂಯಾರ್ಕಿನ ಮದ್ಯದಂಗಡಿಗಳಿಂದ ಗಂಡನನ್ನು ದೂರ ಒಯ್ಯುವುದು. ದಾರಿಯಲ್ಲೂ ಅಂಗಡಿಗಳು ಇದ್ದೇ ಇದ್ದವು.

1929ರ ಅಕ್ಟೋಬರಿನಲ್ಲಿ ಷೇರುಪೇಟೆ ಕುಸಿಯಿತು. ಬಿಲ್ ಎಲ್ಲವನ್ನೂ ಕಳೆದುಕೊಂಡರು. ಬ್ರೂಕ್ಲಿನ್‌ನಲ್ಲಿ ಮಾವನ ಮನೆಗೆ ಬಂದು ಸೇರಬೇಕಾಯಿತು. ಲೋಯಿಸ್ ಒಂದು ದೊಡ್ಡ ಅಂಗಡಿಯಲ್ಲಿ ಕೆಲಸಕ್ಕೆ ನಿಂತು ಮನೆ ನಡೆಸಿದರು. ಹೆಂಡತಿಯ ಕೈಚೀಲದಿಂದ ಹಣ ಕದಿಯುವ ಮಟ್ಟಕ್ಕೆ ಗಂಡ ಇಳಿದರು. ಮನೆಯ ಬೈಬಲ್ ಗ್ರಂಥದಲ್ಲಿ ಇನ್ನು ಮುಟ್ಟುವುದಿಲ್ಲವೆಂದು ಬರೆದು ಸಹಿ ಹಾಕಿದರು, ಮತ್ತೆ ಕುಡಿದರು, ಮತ್ತೆ ಬರೆದರು. ಬೂಮರಾಂಗ್ ಗೆದ್ದ ಛಲ ಇಲ್ಲಿ ನಡೆಯಲಿಲ್ಲ.

ಕಾಯಿಲೆ ಎಂದ ವೈದ್ಯರು

1933 ಮತ್ತು 1934ರಲ್ಲಿ ನಾಲ್ಕು ಬಾರಿ ಬಿಲ್ ನ್ಯೂಯಾರ್ಕಿನ ಟೌನ್ಸ್ ಆಸ್ಪತ್ರೆ ಸೇರಿದರು. ಅಲ್ಲಿನ ವೈದ್ಯ ಡಾ. ವಿಲಿಯಂ ಸಿಲ್ಕ್‌ವರ್ತ್ ಅಂದಿನ ಕಾಲಕ್ಕೆ ಹೊಸದಾದ ಮಾತೊಂದನ್ನು ಹೇಳುತ್ತಿದ್ದರು. ಕುಡಿತ ಬರೀ ದುರ್ಗುಣವಲ್ಲ, ಅದೊಂದು ಕಾಯಿಲೆ; ಮೊದಲ ಲೋಟ ಹೊಟ್ಟೆಗಿಳಿದರೆ ದೇಹ ಇನ್ನಷ್ಟು ಬೇಡುತ್ತದೆ; ಕುಡಿಯದಿರುವಾಗ ಮನಸ್ಸು ಆ ಮೊದಲ ಲೋಟದ ಕಡೆಗೇ ಎಳೆಯುತ್ತದೆ. ಎರಡೂ ಕಡೆಯಿಂದ ಕಟ್ಟಿಬಿದ್ದವನಿಗೆ ಬುದ್ಧಿ ಹೇಳಿ ಏನು ಫಲ?

ಓದುಗರೇ, ಕಾಯಿಲೆ ಎಂದ ಮಾತ್ರಕ್ಕೆ ಹೊಣೆ ತಪ್ಪಿತೆಂದಲ್ಲ. ಸಕ್ಕರೆ ಕಾಯಿಲೆ ಬಂದದ್ದು ರೋಗಿಯ ತಪ್ಪಲ್ಲದಿರಬಹುದು. ಔಷಧಿ ತೆಗೆದುಕೊಳ್ಳುವುದು ಅವನ ಹೊಣೆಯೇ. ಹಾಗೆಯೇ ಇದೂ.

1934ರ ನವೆಂಬರಿನಲ್ಲಿ ಎಬಿ ಥ್ಯಾಚರ್ ಎಂಬ ಹಳೆಯ ಗೆಳೆಯ ಮನೆಗೆ ಬಂದರು. ಇವರಂತೆಯೇ ಕುಡಿದು ಹಾಳಾಗಿದ್ದವರು. ಬಿಲ್ ಲೋಟ ಮುಂದಿಟ್ಟರೆ ಅವರು ಬೇಡವೆಂದರು. ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಬಳಗದಲ್ಲಿ ತಪ್ಪೊಪ್ಪಿಕೊಂಡು, ಕೆಡುಕು ಮಾಡಿದವರಿಗೆ ಪರಿಹಾರ ಕೊಟ್ಟು, ಪ್ರಾರ್ಥಿಸಿ ಬದುಕುತ್ತಿರುವುದಾಗಿ ತಿಳಿಸಿದರು. ಉಪದೇಶ ಮಾಡಲಿಲ್ಲ. ಅವರ ತಿಳಿಯಾದ ಕಣ್ಣುಗಳೇ ಸಾಕಾದವು. ಡಿಸೆಂಬರ್ 11ರಂದು ಬಿಲ್ ಮತ್ತೆ ಆಸ್ಪತ್ರೆ ಸೇರಿದರು. ಅದೇ ಅವರ ಕಡೆಯ ಕುಡಿತ. ಕೆಲವು ದಿನಗಳಲ್ಲಿ, ಸಂಪೂರ್ಣ ಸೋತು ದೇವರನ್ನು ಕೂಗಿದಾಗ, ಕೋಣೆ ಬೆಳಕಿನಿಂದ ತುಂಬಿದಂತೆ, ಬೆಟ್ಟದ ತುದಿಯ ಗಾಳಿ ತನ್ನೊಳಗೆ ಬೀಸಿದಂತೆ ಅವರಿಗೆ ಅನುಭವವಾಯಿತು. ತನಗೆ ಹುಚ್ಚು ಹಿಡಿಯಿತೇ ಎಂದು ಹೆದರಿದ ಅವರಿಗೆ ಡಾ. ಸಿಲ್ಕ್‌ವರ್ತ್ ಧೈರ್ಯ ಹೇಳಿ, ಸಿಕ್ಕಿದ್ದನ್ನು ಬಿಡಬೇಡಿ ಎಂದರು.

ದಾರಿ ತೋರಿಸಿದ ಎಬಿ ಮುಂದೆ ಎಷ್ಟೋ ಬಾರಿ ಮತ್ತೆ ಬಿದ್ದರು. ಬಿಲ್ ಮಾತ್ರ ಸಾಯುವವರೆಗೆ ಅವರ ಕೈ ಬಿಡಲಿಲ್ಲ. 1966ರಲ್ಲಿ ಎಬಿ ಕಣ್ಣು ಮುಚ್ಚಿದಾಗ ಕುಡಿತದಿಂದ ದೂರವಿದ್ದರು.

ಹೋಟೆಲಿನಲ್ಲಿದ್ದ ಟೆಲಿಫೋನು

ಇಲ್ಲಿಗೆ ಕಥೆ ಮುಗಿಯಿತು ಎನ್ನುವಂತಿಲ್ಲ. ನಮಗೆ ಬೇಕಾದ ಮುಖ್ಯ ಸಂಗತಿ ಮುಂದಿದೆ.

ಬಿಡುಗಡೆಯಾದ ಬಿಲ್ ಐದು ತಿಂಗಳು ಕುಡುಕರನ್ನು ಹುಡುಕಿ ಹುಡುಕಿ ಉಪದೇಶ ಮಾಡಿದರು. ಒಬ್ಬರೂ ಸುಧಾರಿಸಲಿಲ್ಲ. ಬೇಸತ್ತ ಅವರಿಗೆ ಲೋಯಿಸ್ ಒಂದು ಸತ್ಯ ತೋರಿಸಿದರು: ಬೇರೆ ಯಾರೂ ಬಿಡದಿದ್ದರೂ ನೀವಂತೂ ಕುಡಿದಿಲ್ಲವಲ್ಲ ಎಂದು. ಡಾ. ಸಿಲ್ಕ್‌ವರ್ತ್ ಕೂಡ, ಪ್ರಸಂಗ ನಿಲ್ಲಿಸಿ ನಿಮ್ಮ ಕಾಯಿಲೆಯ ಕಥೆ ಹೇಳಿ ಎಂದು ಸಲಹೆ ಕೊಟ್ಟರು.

1935ರ ಮೇ ತಿಂಗಳಲ್ಲಿ ಒಂದು ವ್ಯವಹಾರಕ್ಕಾಗಿ ಬಿಲ್ ಒಹಾಯೋ ರಾಜ್ಯದ ಆಕ್ರನ್ ನಗರಕ್ಕೆ ಹೋದರು. ವ್ಯವಹಾರ ಕೆಟ್ಟಿತು, ಜೊತೆಗಾರರು ಊರಿಗೆ ಹಿಂದಿರುಗಿದರು. ಮೇ 11, ಶನಿವಾರದ ಸಂಜೆ. ಜೇಬಿನಲ್ಲಿ ಹತ್ತು ಡಾಲರಿನಷ್ಟು ಹಣ. ಪರಿಚಯದ ಮುಖವೊಂದೂ ಇಲ್ಲದ ಊರು. ಮೇಫ್ಲವರ್ ಹೋಟೆಲಿನ ಹಜಾರದ ಒಂದು ತುದಿಯಲ್ಲಿ ಬಾರ್. ಒಳಗಿನಿಂದ ನಗು, ಮಾತು ಕೇಳಿಬರುತ್ತಿದೆ. ಇನ್ನೊಂದು ತುದಿಯಲ್ಲಿ ಟೆಲಿಫೋನು, ಅದರ ಪಕ್ಕ ಊರಿನ ಚರ್ಚುಗಳ ಪಟ್ಟಿ. ಒಂದು ಲೋಟ ಕುಡಿದರೇನಂತೆ ಎಂದು ಮನಸ್ಸು ಹೇಳತೊಡಗಿತು. ಆ ಗಳಿಗೆಯಲ್ಲಿ ಬಿಲ್‌ಗೆ ಹೊಳೆದದ್ದು ಇಷ್ಟೇ: ತಾನು ಉಳಿಯಬೇಕಾದರೆ ತನ್ನಂಥ ಇನ್ನೊಬ್ಬ ಕುಡುಕ ಈಗಲೇ, ಈ ಊರಿನಲ್ಲೇ ಬೇಕು.

ಅವರು ಪಟ್ಟಿಯಿಂದ ಒಬ್ಬ ಪಾದ್ರಿಯವರ ಹೆಸರು ಆರಿಸಿ ಕರೆ ಮಾಡಿದರು. ವಾಲ್ಟರ್ ಟಂಕ್ಸ್ ಎಂಬ ಆ ಪಾದ್ರಿಗಳು ಕೆಲವು ಹೆಸರು ಕೊಟ್ಟರು. ಒಂದಾದ ಮೇಲೊಂದು ಕರೆ. ಒಬ್ಬರು ಊರಲ್ಲಿಲ್ಲ, ಇನ್ನೊಬ್ಬರಿಗೆ ಪುರುಸೊತ್ತಿಲ್ಲ. ಕೊನೆಗೆ ಸಿಕ್ಕಿದವರು ಹೆನ್ರಿಯೆಟಾ ಸೀಬರ್ಲಿಂಗ್ ಎಂಬ ಮಹಿಳೆ. ಆಕೆ ಕುಡುಕರಲ್ಲ, ಆದರೆ ಕುಡಿತದಿಂದ ಕೆಡುತ್ತಿದ್ದ ಶಸ್ತ್ರವೈದ್ಯ ಡಾ. ರಾಬರ್ಟ್ ಸ್ಮಿತ್‌ರನ್ನು ಬಲ್ಲವರು, ಅವರಿಗಾಗಿ ಪ್ರಾರ್ಥಿಸುತ್ತಿದ್ದವರು.

ಮರುದಿನ ಭಾನುವಾರ ಸಂಜೆ ಐದಕ್ಕೆ ಆಕೆಯ ಮನೆಯಲ್ಲಿ ಇಬ್ಬರೂ ಭೇಟಿಯಾದರು. ಹದಿನೈದು ನಿಮಿಷಕ್ಕಿಂತ ಹೆಚ್ಚು ಕೂರುವುದಿಲ್ಲ ಎಂದು ಹೆಂಡತಿಗೆ ಹೇಳಿ ಬಂದಿದ್ದ ಡಾಕ್ಟರು ಎದ್ದಾಗ ರಾತ್ರಿ ಹನ್ನೊಂದು ದಾಟಿತ್ತು. ಗಮನಿಸಿ: ಡಾ. ಬಾಬ್ ಎರಡು ವರ್ಷಕ್ಕೂ ಮಿಕ್ಕಿ ಆಕ್ಸ್‌ಫರ್ಡ್ ಗ್ರೂಪಿನ ಕೂಟಗಳಿಗೆ ಹೋಗಿದ್ದವರೇ, ಬೈಬಲ್ ಓದುತ್ತಿದ್ದವರೇ. ಆದರೂ ಕುಡಿತ ನಿಂತಿರಲಿಲ್ಲ. ಈ ದಿನ ಏನು ಹೊಸದು? ಎದುರಿಗೆ ಕೂತಿದ್ದವನು ಉಪದೇಶಕನಲ್ಲ, ತನ್ನಂತೆಯೇ ನಡುಗಿದವನು, ಸುಳ್ಳು ಹೇಳಿದವನು, ಬಾಟಲಿ ಅಡಗಿಸಿಟ್ಟವನು. ಅದಲ್ಲದೆ, ಆತ ಬುದ್ಧಿ ಹೇಳಲು ಬಂದಿರಲಿಲ್ಲ. ತಾನು ಬದುಕಿಕೊಳ್ಳಲು ಸಹಾಯ ಬೇಡಿ ಬಂದಿದ್ದ.

ಡಾ. ಬಾಬ್ ಒಮ್ಮೆ ಮತ್ತೆ ಜಾರಿದರು. ನಂತರ 1935ರ ಜೂನ್ 10ರಂದು ಕುಡಿದದ್ದೇ ಅವರ ಕಡೆಯ ಕುಡಿತ. ಆ ದಿನವನ್ನೇ ಎ.ಎ. ತನ್ನ ಹುಟ್ಟಿದ ದಿನವೆಂದು ಎಣಿಸುತ್ತದೆ. ಇಬ್ಬರೂ ಕೂಡಿ ಆಸ್ಪತ್ರೆಯಲ್ಲಿ ಮೂರನೆಯವನನ್ನು ಕಂಡರು. ಹೀಗೆ ಒಬ್ಬರಿಂದ ಒಬ್ಬರಿಗೆ ದೀಪ ಹಚ್ಚಿದಂತೆ ಅದು ಹಬ್ಬಿತು.

ಭಗಿನಿ ಇಗ್ನೇಷಿಯಾ, ಫಾದರ್ ಡೌಲಿಂಗ್

ಬಿಲ್ ಕಥೋಲಿಕರಲ್ಲ. ಆದರೂ ಅವರ ಕೆಲಸಕ್ಕೆ ಹೆಗಲು ಕೊಟ್ಟ ನಮ್ಮವರಿಬ್ಬರನ್ನು ನೀವು ತಿಳಿದಿರಬೇಕು.

ಅಂದು ಎಷ್ಟೋ ಆಸ್ಪತ್ರೆಗಳು ಕುಡುಕರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಆಕ್ರನ್‌ನ ಸಂತ ತೋಮಾಸರ ಆಸ್ಪತ್ರೆಯಲ್ಲಿ ರೋಗಿಗಳನ್ನು ಸೇರಿಸಿಕೊಳ್ಳುವ ಕೆಲಸದಲ್ಲಿದ್ದ ಭಗಿನಿ ಇಗ್ನೇಷಿಯಾ 1939ರ ಆಗಸ್ಟಿನಲ್ಲಿ ಡಾ. ಬಾಬ್ ಕರೆತಂದ ಕುಡುಕನೊಬ್ಬನನ್ನು ಸೇರಿಸಿಕೊಂಡರು. ಅಲ್ಲಿಂದ ಡಾ. ಬಾಬ್ 1950ರಲ್ಲಿ ತೀರಿಕೊಳ್ಳುವವರೆಗೆ ಇಬ್ಬರೂ ಸುಮಾರು ಐದು ಸಾವಿರ ಮಂದಿಯನ್ನು ನೋಡಿಕೊಂಡರು. ಡಾಕ್ಟರು ತಮ್ಮ ಶುಲ್ಕ ಮುಟ್ಟಲಿಲ್ಲ. ಬಿಡುಗಡೆಯಾಗಿ ಹೋಗುವ ಪ್ರತಿಯೊಬ್ಬರಿಗೂ ಭಗಿನಿ ಯೇಸುವಿನ ಪವಿತ್ರ ಹೃದಯದ ಒಂದು ಸಣ್ಣ ಪದಕ ಕೊಡುತ್ತಿದ್ದರು. ಮತ್ತೆ ಕುಡಿಯಬೇಕೆನಿಸಿದರೆ ಮೊದಲು ಅದನ್ನು ತಂದು ಹಿಂದಿರುಗಿಸಬೇಕೆಂಬುದು ಕರಾರು.

1940ರ ಚಳಿಗಾಲದ ಒಂದು ಮಳೆಯ ರಾತ್ರಿ ಬಿಲ್ ಮನಸ್ಸು ಕುಂದಿ ಮಲಗಿದ್ದಾಗ, ಕೋಲೂರಿಕೊಂಡು ಕುಂಟುತ್ತ ಒಬ್ಬರು ಮೆಟ್ಟಿಲೇರಿ ಬಂದರು. ಅವರು ಸೇಂಟ್ ಲೂಯಿಸ್ ನಗರದ ಯೇಸುಸಭೆಯ ಗುರು ಎಡ್ವರ್ಡ್ ಡೌಲಿಂಗ್. ಎ.ಎ.ಯ ಹನ್ನೆರಡು ಹೆಜ್ಜೆಗಳಿಗೂ ಸಂತ ಇಗ್ನಾಸಿಯವರ ಆಧ್ಯಾತ್ಮಿಕ ಸಾಧನೆಗಳಿಗೂ ಇರುವ ಹೋಲಿಕೆ ಕಂಡು ವಿಚಾರಿಸಲು ಬಂದವರು. ಬಿಲ್ ಅಂದು ತನ್ನ ಒಳಗಿನದನ್ನೆಲ್ಲ ಅವರ ಮುಂದೆ ತೋಡಿಕೊಂಡರು. ಆ ಸ್ನೇಹ ಗುರುಗಳು 1960ರಲ್ಲಿ ತೀರಿಕೊಳ್ಳುವವರೆಗೆ ನಡೆಯಿತು. 1947ರಲ್ಲಿ ಬಿಲ್ ಫುಲ್ಟನ್ ಶೀನ್ ಅವರ ಬಳಿ ಧರ್ಮೋಪದೇಶವನ್ನೂ ಕೇಳಿದರು. ಆದರೆ ಧರ್ಮಸಭೆ ಸೇರಲಿಲ್ಲ. ಯಾವ ಮತದವರೂ ಹೊರಗುಳಿಯಬಾರದು ಎಂಬ ಎಚ್ಚರ ಅವರಿಗಿತ್ತು.

ಲೋಯಿಸ್ ಎಸೆದ ಬೂಟು

ಕುಡಿತ ಬಿಟ್ಟ ಮನೆಯಲ್ಲಿ ಮರುದಿನದಿಂದಲೇ ಸಂತೋಷ ಎಂದು ನೀವು ತಿಳಿದರೆ ಅದು ತಪ್ಪು. ಒಂದು ಸಂಜೆ ಕೂಟಕ್ಕೆ ಹೊರಟ ಬಿಲ್ ಹೆಂಡತಿಯನ್ನು ಬೇಗ ಹೊರಡುವಂತೆ ಅವಸರಪಡಿಸಿದಾಗ, ಲೋಯಿಸ್ ಸಿಟ್ಟಿನಿಂದ ಕೈಗೆ ಸಿಕ್ಕ ಬೂಟನ್ನು ಎಸೆದರು. ಹದಿನೇಳು ವರ್ಷ ತಾನು ಕಣ್ಣೀರಿಟ್ಟರೂ ಆಗದ್ದು ಹೊರಗಿನವರಿಂದ ಆಯಿತಲ್ಲ ಎಂಬ ನೋವು ಅದು. ಕುಡುಕನ ಜೊತೆ ಬಾಳಿ ತಾನೂ ಗಾಯಗೊಂಡಿದ್ದೇನೆ ಎಂದು ಅಂದು ಅವರಿಗೆ ಅರಿವಾಯಿತು. 1939ರಲ್ಲಿ ಸಾಲದ ದೆಸೆಯಿಂದ ಬ್ರೂಕ್ಲಿನ್‌ನ ಮನೆಯೂ ಹೋಯಿತು. ಎರಡು ವರ್ಷ ಅವರಿವರ ಮನೆಯಲ್ಲಿ ಕಾಲ ಕಳೆದರು. 1951ರಲ್ಲಿ ಲೋಯಿಸ್ ಗೆಳತಿಯೊಬ್ಬರ ಜೊತೆ ಸೇರಿ ಕುಡುಕರ ಮನೆಯವರಿಗಾಗಿಯೇ ಅಲ್-ಅನಾನ್ ಎಂಬ ಕೂಟ ಸ್ಥಾಪಿಸಿದರು. ಗಂಡ ಇನ್ನೂ ಕುಡಿಯುತ್ತಿದ್ದರೂ ಹೆಂಡತಿ ಅಲ್ಲಿಗೆ ಹೋಗಬಹುದು. ಅವನು ಸರಿಯಾಗುವವರೆಗೆ ತನ್ನ ಬದುಕು ಕಾಯಬೇಕಾಗಿಲ್ಲ.

ಕಡೆಯ ದಿನಗಳು

ಬಿಲ್ ಸಂತರಾಗಿರಲಿಲ್ಲ. ಕುಡಿತ ಬಿಟ್ಟ ಮೇಲೂ ವರ್ಷಗಟ್ಟಲೆ ಖಿನ್ನತೆ ಅವರನ್ನು ಕಾಡಿತು. ಸಿಗರೇಟು ಬಿಡಲಾಗದೆ ಶ್ವಾಸಕೋಶ ಕೆಟ್ಟಿತು. ಆದರೆ ಹೆಸರಿನ ಆಸೆಗೆ ಬೀಳಲಿಲ್ಲ. 1954ರಲ್ಲಿ ಯೇಲ್ ವಿಶ್ವವಿದ್ಯಾಲಯ ಕೊಡಲು ಬಂದ ಗೌರವ ಪದವಿಯನ್ನೂ ಒಲ್ಲೆನೆಂದರು. 1970ರ ಕೊನೆಯಲ್ಲಿ, ಸಾವಿನ ಹಾಸಿಗೆಯಲ್ಲಿ ಅವರು ವಿಸ್ಕಿ ಕೇಳಿದರೆಂದು ನರ್ಸುಗಳು ಬರೆದಿಟ್ಟ ದಾಖಲೆ ಹೇಳುತ್ತದೆ. ಯಾರೂ ಕೊಡಲಿಲ್ಲ. 1971ರ ಜನವರಿ 24ರಂದು, ತಮ್ಮ ಮದುವೆಯ ದಿನದಂದೇ, ಅವರು ಮಯಾಮಿಯಲ್ಲಿ ಕಣ್ಣು ಮುಚ್ಚಿದರು. ಮೂವತ್ತಾರು ವರ್ಷಗಳಾದರೂ ಆ ಹಸಿವು ಪೂರ್ತಿ ಸತ್ತಿರಲಿಲ್ಲ. ಸುತ್ತಲಿದ್ದವರು ಆ ಕೊನೆಯ ದಿನಗಳಲ್ಲೂ ಅವರನ್ನು ಕಾದರು. ಒಬ್ಬನೇ ಗೆಲ್ಲಲಾರದ್ದನ್ನು ಜೊತೆಯಲ್ಲಿ ಗೆಲ್ಲಬಹುದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಯೇಸುಸ್ವಾಮಿ ಲಾಜರನನ್ನು ಸಮಾಧಿಯಿಂದ ಕರೆದರು. ಆದರೆ ಅವನ ಕಟ್ಟುಗಳನ್ನು ಬಿಚ್ಚುವ ಕೆಲಸವನ್ನು ಸುತ್ತ ನಿಂತವರಿಗೆ ಒಪ್ಪಿಸಿದರು. ದೇವರ ವರಪ್ರಸಾದ ಮನುಷ್ಯರ ಕೈಗಳ ಮೂಲಕ ಬರುವುದು ಹೀಗೆ.

ನಮ್ಮ ಬೆಟ್ಟಗಳಲ್ಲಿ ಏನು ಮಾಡಬೇಕು?

ಎ.ಎ. 1957ರಲ್ಲಿ ಮುಂಬಯಿಗೆ ಬಂತು. ಇಂದು ಕರ್ನಾಟಕದಲ್ಲೂ ಅದರ ಕೂಟಗಳಿವೆ. ಅಲ್ಲಿ ಶುಲ್ಕವಿಲ್ಲ, ಜಾತಿ ಮತ ಕೇಳುವುದಿಲ್ಲ, ಪೂರ್ಣ ಹೆಸರು ಹೇಳಬೇಕಾಗಿಲ್ಲ. ಕುಡಿತ ಬಿಡುವ ಆಸೆಯೊಂದಿದ್ದರೆ ಸಾಕು. ಅಲ್ಲಿ ಕೇಳಿದ್ದು ಹೊರಗೆ ಹೋಗುವುದಿಲ್ಲ. ತೋಟದ ಸೀಮೆಯಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು, ಮಾನ ಹೋದೀತು ಎಂದು ಅಂಜುವವರಿಗೆ ಈ ಮಾತು ಮುಖ್ಯ. ಅಂಜಿಕೆ ಹೆಚ್ಚಿದ್ದರೆ ಬೇರೆ ಊರಿನ ಕೂಟಕ್ಕೂ ಹೋಗಬಹುದು.

ಮೊದಲು ಒಂದು ಎಚ್ಚರಿಕೆ. ವರ್ಷಗಟ್ಟಲೆ ದಿನವೂ ಕುಡಿದವರು ಥಟ್ಟನೆ ನಿಲ್ಲಿಸಿದರೆ ಎರಡು ಮೂರು ದಿನಗಳಲ್ಲಿ ಕೈನಡುಕ, ಫಿಟ್ಸ್, ಭ್ರಮೆ ಬರಬಹುದು, ಜೀವಕ್ಕೂ ಅಪಾಯ. ಅಂಥವರನ್ನು ಕೋಣೆಯಲ್ಲಿ ಕೂಡಿಹಾಕಬೇಡಿ, ಕದ್ದುಮುಚ್ಚಿ ಔಷಧಿ ಬೆರೆಸಬೇಡಿ. ವೈದ್ಯರಿಗೆ ತೋರಿಸಿ. ಸಕಲೇಶಪುರ, ಆಲೂರಿನ ತಾಲ್ಲೂಕು ಆಸ್ಪತ್ರೆಗಳಲ್ಲಿ ವಿಚಾರಿಸಿ. ಸಕಲೇಶಪುರದಿಂದ ಸುಮಾರು 40 ಕಿಲೋಮೀಟರ್ ದೂರದ ಹಾಸನದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಹತ್ತಿರದಲ್ಲಿ ಎಲ್ಲಿ ಏನಿದೆ ಎಂದು ತಿಳಿಯಲು ವ್ಯಸನಮುಕ್ತಿಗೆ ಸಂಬಂಧಿಸಿದ ರಾಷ್ಟ್ರೀಯ ಸಹಾಯವಾಣಿ 14446ಕ್ಕೆ ಕರೆ ಮಾಡಬಹುದು. ಮನಸ್ಸಿನ ಆರೋಗ್ಯಕ್ಕಾಗಿ 2022ರಲ್ಲಿ ಆರಂಭವಾದ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಧರ್ಮಸ್ಥಳದ ಜನಜಾಗೃತಿ ವೇದಿಕೆ ಊರೂರಲ್ಲಿ ನಡೆಸುವ ಮದ್ಯವರ್ಜನ ಶಿಬಿರಗಳೂ, ಶಿಬಿರ ಮುಗಿಸಿದವರು ಸೇರುವ ನವಜೀವನ ಸಮಿತಿಗಳೂ ನಮ್ಮ ಜನರಿಗೆ ಪರಿಚಿತ.

ಆಸ್ಪತ್ರೆಯ ದಿನಗಳು ಮುಗಿದ ಮೇಲೆ ಬರುವ ಮೊದಲ ಬಟವಾಡೆಯ ಸಂಜೆಯೇ ನಿಜವಾದ ಪರೀಕ್ಷೆ. ಆಗ ಕರೆ ಮಾಡಲು ಒಂದು ನಂಬರು, ಹೋಗಿ ಕೂರಲು ಒಂದು ಜಾಗ, ಎದುರಿಗೆ ಅದನ್ನು ಅನುಭವಿಸಿದ ಒಬ್ಬ ಮನುಷ್ಯ ಬೇಕು. ಆ ನಂಬರನ್ನು ಆಸ್ಪತ್ರೆಯಿಂದ ಬರುವ ಮೊದಲೇ ಬರೆದಿಟ್ಟುಕೊಳ್ಳಿ. ಒಂದು ಕೂಟ ಹಿಡಿಸದಿದ್ದರೆ ಇನ್ನೊಂದಕ್ಕೆ ಹೋಗಿ. ಒಂದೇ ಭೇಟಿಗೆ ಕೈಬಿಡಬೇಡಿ. ಜಾರಿದರೂ ಮತ್ತೆ ಹೋಗಿ, ಡಾ. ಬಾಬ್ ಹೋದಂತೆ.

ಹತ್ತಿರದಲ್ಲಿ ಕೂಟವೇ ಇಲ್ಲವೇ? ಎ.ಎ.ಯ ಪದ್ಧತಿಯಂತೆ, ಕುಡಿತ ಬಿಡಲು ಇಬ್ಬರು ಮೂವರು ಕೂಡಿದರೆ ಅದೇ ಒಂದು ಕೂಟ. ನಿಮ್ಮ ಧರ್ಮಕೇಂದ್ರದ ಗುರುಗಳನ್ನೋ ಭಗಿನಿಯರನ್ನೋ ಕೇಳಿ. ವಾರಕ್ಕೊಂದು ಸಂಜೆ ಒಂದು ಕೋಣೆ, ಒಂದು ಬೆಂಚು, ಒಂದು ಫ್ಲಾಸ್ಕ್ ಕಾಫಿ ಹೊಂದಿಸುವುದು ಯಾವ ಧರ್ಮಕೇಂದ್ರಕ್ಕೂ ಭಾರವಲ್ಲ. ಕುಡಿತ ಬಿಟ್ಟು ಹತ್ತು ವರ್ಷವಾದರೂ ಸುಮ್ಮನಿರುವ ಹಿರಿಯರೊಬ್ಬರು ನಿಮ್ಮೂರಲ್ಲೂ ಇದ್ದಾರು. ಹೆನ್ರಿಯೆಟಾ ಸೀಬರ್ಲಿಂಗ್ ಮಾಡಿದ್ದು ಇಬ್ಬರನ್ನು ಒಂದು ಮನೆಗೆ ಕರೆದದ್ದು, ಅಷ್ಟೇ. ಅಷ್ಟನ್ನು ನೀವೂ ಮಾಡಬಹುದು. ಈ ವಾರವೇ ಒಬ್ಬರನ್ನು ವಿಚಾರಿಸಿ ನೋಡಿ.